ನೆತ್ತಿ ಅಳತೆ

ಶಹಾಪುರದ ಅಂಗಡಿ ಖಾಲಿ ಮಾಡುವಾಗ
ಹೊಲಿಗೆ ಮಶೀನಿನ ಕೆಳಗಿನ ಖಾನೆಯಲ್ಲಿ
ಒಂದು ತಲೆ ಸಿಕ್ಕಿತು.
ಹಲಸಿನ ಕಟ್ಟಿಗೆಯದು. ಕಣ್ಣಿಲ್ಲ, ಕಿವಿಯಿಲ್ಲ,
ನೆತ್ತಿಯ ತುಂಬ ಗುಂಡುಸೂಜಿ ಚುಚ್ಚಿದ ತೂತು.
ಪಕ್ಕಕ್ಕೆ ಜರ್ದಾ ಡಬ್ಬಿ, ಅದರೊಳಗೆ ಎರಡು ದಾರ,
ಒಂದಕ್ಕಿಂತ ಒಂದು ಮೂರು ಬೆರಳು ಗಿಡ್ಡ.

ಅಜ್ಜ ಧೊಂಡಿಬಾ ಮಹೇಂದ್ರಕರ
ಕ್ಯಾಂಪಿನ ದೊರೆಸಾನಿಯರ ಟೊಪ್ಪಿಗೆ ರಿಪೇರಿಯವನು.
ಮಳೆಗೆ ಸೊಟ್ಟಾದ ಅಂಚು, ಜಿರಲೆ ತಿಂದ ರಿಬ್ಬನ್ನು
ಬಿಚ್ಚಿ ಬಿಚ್ಚಿಯೇ ಕಟ್ಟುವುದ ಕಲಿತವನು.
ಗೋದಿಹುಲ್ಲು ನೆನೆಸಿ, ಐದೆಳೆ ಹೆಣೆದು,
ನೆತ್ತಿಯ ನಡುವಿನಿಂದ ಸುತ್ತುತ್ತ ಸುತ್ತುತ್ತ ಹೊಲಿದು
ಹುಣಸೆಬೀಜದ ಗಂಜಿ, ಒದ್ದೆ ಅರಿವೆ, ಕೆಂಡದ ಇಸ್ತ್ರಿ.
"ಹುಲ್ಲಿಗೆ ಬುದ್ಧಿ ಹೇಳೋದಂದ್ರ ಇದ" ಅನ್ನುತ್ತಿದ್ದನಂತೆ.

ಕೃಷ್ಣೆಯ ದಂಡೆಯ ಸಣ್ಣದೊಂದು ಸಂಸ್ಥಾನದಿಂದ
ದಾಸಿ ಯಸೂಬಾಯಿ ಬಂದಳು, ಸರ್ವಿಸ್ ಮೋಟಾರಿನಲ್ಲಿ.
ಸೆರಗಿನ ಗಂಟಿನೊಳಗೆ ವಿಲಾಯತಿ ಪೇಪರಿನ ತುಂಡು:
ಯಾವುದೋ ದೇಶದ ರಾಣಿ, ಓರೆ ಟೊಪ್ಪಿಗೆ, ಒಂದೇ ಗರಿ.
"ಬಾಯಿಸಾಹೇಬರಿಗೆ ಇಂತಾದ್ದು ಬೇಕು.
ಲಾಟಸಾಹೇಬ ಬರ್ತಾನ, ಫೋಟೋ ಹಿಡೀತಾರ."
ಸೆರಗಿನ ಮ್ಯಾಲ ಟೊಪ್ಪಿಗೆಯೋ, ಟೊಪ್ಪಿಗೆ ಮ್ಯಾಲ ಸೆರಗೋ?
ಅಜ್ಜಿ ಕೇಳಿದಳು. ಯಸೂಬಾಯಿಗೂ ಗೊತ್ತಿರಲಿಲ್ಲ.

ರಾಣಿಯ ತಲೆ ಮುಟ್ಟುವುದುಂಟೆ ಸಿಂಪಿಗ?
ಅಳತೆಗೆ ದಾರ ಕಳಿಸಿದ್ದರು, ಎರಡು ಕಡೆ ಗಂಟು ಹಾಕಿ.
ಅಜ್ಜ ಮೂಸಿ ನೋಡಿದ. ಸೀಗೆಕಾಯಿ, ಮರುಗ.
"ಕೂದಲ ದಂಡಿಯಾಗಿ ಅದಾವ. ಸಡ್ಲ ಬಿಡಬೇಕು."

ಯಳ್ಳೂರ ಗುಡ್ಡದಲ್ಲಿ ಉದುರಿದ ನವಿಲಗರಿ,
ರಿಬ್ಬನ್ನಿಗೆ ನಮ್ಮ ಓಣಿಯದೇ ಸೀರೆಯ ದಡಿ.
ಟೊಪ್ಪಿಗೆ ತಯಾರಾದ ವಾರಕ್ಕೆ
ಸಂಸ್ಥಾನದ ದೊರೆ ಸತ್ತ ಸುದ್ದಿ ಬಂತು.
ಹಲಸಿನ ತಲೆಯ ಮೇಲೇ ಕೂತಿತು ಅದು,
ತಿಂಗಳೊಪ್ಪತ್ತು, ಗರಿಯ ಮೇಲೆ ಧೂಳು.
"ರೊಕ್ಕ ಹೋತು ಬಿಡು" ಅಂದ ಅಜ್ಜ.

ಯಸೂಬಾಯಿ ಮತ್ತೆ ಬಂದಳು.
ಬೇರೆ ದಾರ. ಇದಕ್ಕೆ ವಾಸನೆಯಿಲ್ಲ.
"ಇಷ್ಟಕ್ಕ ಸಣ್ಣದು ಮಾಡ್ರಿ."
ಅಜ್ಜ ಎರಡೂ ದಾರ ಜೋಡಿಸಿ ಹಿಡಿದ, ಎಳೆದ, ಮತ್ತೆ ಹಿಡಿದ:
"ತಲಿ ಎಲ್ಲೆರ ಸಣ್ಣದಾಕ್ಕೈತೇನವಾ? ಅಳತಿ ತಪ್ಪೇತಿ."
ಅಜ್ಜಿ ಅವನ ಕೈಯಿಂದ ಇಸಕೊಂಡಳು.
"ತಪ್ಪಿಲ್ಲ. ಅರಮನಿಗಿ ಹಜಾಮ ಹೋಗ್ಯಾನ."
ಆಮೇಲೆ ಬಹಳ ಹೊತ್ತು ಮಶೀನು ಮಾತ್ರ ಇತ್ತು ಅಂಗಡಿಯಲ್ಲಿ.
"ಗರಿ ತೆಗೀಲೇನು?" ಅಜ್ಜ ಕೇಳಿದ, ಎತ್ತಲೋ ನೋಡುತ್ತ.
"ಗರಿ ಇರಲಿ ಅಂದಾರ."

ಊರ ಕೂಸುಗಳಿಗೆಲ್ಲ ಕುಲಾವಿ ಹೊಲಿದ ಕೈ ಅಜ್ಜಿಯದು.
ಸುತ್ತು ಬಿಚ್ಚಿ ಮೂರು ಬೆರಳು ತೆಗೆದು ಹೊಲಿದಳು.
ಒಳಗೆ ತನ್ನದೇ ಹಳೆಯ ಸೀರೆಯ ಪದರು,
ನೂರು ಸಲ ಒಗೆದು ಮೆತ್ತಗಾದದ್ದು,
ಎಳೆನೆತ್ತಿಗೆ ಹುಲ್ಲು ಚುಚ್ಚಬಾರದೆಂದು
ಕುಲಾವಿಗೆ ಹಾಕುವ ಹಾಗೆ.

ತೊಟ್ಟಳೋ ಇಲ್ಲವೋ.
ವಿಧವೆಯ ಕೋಣೆಯಲ್ಲಿ ಕನ್ನಡಿ ಇರುವುದಿಲ್ಲ.
ಎಷ್ಟೋ ವರ್ಷದ ಮೇಲೆ ಯಸೂಬಾಯಿ
ಕರಿದಾರ ಕೊಳ್ಳಲು ಬಂದವಳು ಅಂದಳಂತೆ:
ಬಚ್ಚಲ ಬಾಗಿಲು ಹಾಕಿಕೊಂಡು
ತಾಮ್ರದ ಹಂಡೆಯ ನೀರಿಗೆ ಬಾಗಿ ನೋಡುತ್ತಿದ್ದರು,
ನೀರು ಅಲುಗದಂತೆ ಉಸಿರು ಹಿಡಿದು.
ಇಷ್ಟು ಹೇಳಿ ಚಿಲ್ಲರೆ ಎಣಿಸಿಕೊಂಡಳು.
ಚಹಾ ಕುಡಿಯದೆ ಹೋದಳು.

ಖಾತೆವಹಿಯಲ್ಲಿ ಅಜ್ಜನ ಮೋಡಿ ಅಕ್ಷರ.
ಮನೆಯಲ್ಲೀಗ ಓದಬಲ್ಲವರಿಲ್ಲ.
ಒಂದು ಸಾಲಿಗೆ ಅಡ್ಡಗೀರು ಎಳೆದಿದೆ,
ಅದೇ ಇರಬೇಕು ಎಂದುಕೊಂಡೆ. ಇಲ್ಲದೆಯೂ ಇರಬಹುದು.

ಗಿಡ್ಡ ದಾರವನ್ನು ನನ್ನ ತಲೆಗೆ ಸುತ್ತಿದೆ.
ಗಂಟಿಗೆ ಗಂಟು ಕೂಡಲಿಲ್ಲ.
ಹಣೆಯ ನಡುವೆ, ಕುಂಕುಮ ಇಡುವಲ್ಲಿ,
ಬಯಲು ಉಳಿಯಿತು.

ಹೊರಗಿನಿಂದ ಗುಜರಿಯವ ಕೂಗಿದ:
"ಅಕ್ಕಾರ, ಆ ಕಟಗಿ ತಲಿ
ತೂಕದ ಮ್ಯಾಲ ಕೊಡ್ತೀರೇನ್ರೀ?"