ಪುಸ್ತಕ ಮುಚ್ಚಿ ಹೇಳು

ಡಂಡೀಯಲ್ಲಿ ನವೆಂಬರ್. ನಾಲ್ಕಕ್ಕೇ ದೀಪ.
ಟೇ ನದಿಯ ಮೇಲೆ ಕಡಲ ಮಂಜು ಕೂತು
ಅರ್ಧ ಸೇತುವೆಯನ್ನು ನುಂಗಿದೆ.
ಗ್ರಂಥಾಲಯದ ನೆಲಮಾಳಿಗೆಯಲ್ಲಿ ನನ್ನ ಕೋಣೆ:
ಎರಡು ಕುರ್ಚಿ, ಒಂದು ಕೆಟಲ್,
ಬಾಗಿಲ ಮೇಲೆ ‘ಕಲಿಕಾ ನೆರವು’ ಎಂಬ ಫಲಕ.
ಯಾರೂ ಅದರೆದುರು ನಿಲ್ಲುವುದಿಲ್ಲ,
ಗುಪ್ತರೋಗದ ಡಾಕ್ಟರ ಹತ್ತಿರ ಬಂದವರ ಹಾಗೆ
ಆಚೀಚೆ ನೋಡಿ ಸರಕ್ಕನೆ ಒಳಗೆ.

ಮಿರೆನ್ ಬಂದಳು.
ಹದಿನೆಂಟು. ಜೀವಶಾಸ್ತ್ರ, ಮೊದಲ ವರ್ಷ.
ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಪೇರಿಸಿದಳು
ಕೋರ್ಟಿಗೆ ಸಾಕ್ಷ್ಯ ಒಪ್ಪಿಸುವವಳಂತೆ.
ಪ್ರೊಫೆಸರು ಕೆಮ್ಮಿದ್ದೊಂದು ಬಿಟ್ಟು
ಎಲ್ಲ ಇತ್ತು ಅದರಲ್ಲಿ.
ಮೂರು ಬಣ್ಣ. ಮುಖ್ಯವಾದದ್ದು ಹಳದಿ.
ಪುಟ ತುಂಬ ಹಳದಿ.

“ಎಲ್ಲ ಬರೆದುಕೊಂಡಿದ್ದೇನೆ,
ಆದರೂ ಮೂವತ್ತೊಂದು ಬಂತು, ನೂರಕ್ಕೆ.
ನಮ್ಮೂರ ಶಾಲೆಯಲ್ಲಿ ನಾನೇ ಜಾಣೆ.”
ಕೊನೆಯ ಮಾತಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿತು.

ಚಹಾಕ್ಕಿಟ್ಟೆ. ಎಲ್ಲರಿಗೂ ಅದೇ ಮೊದಲ ಪಾಠ:
ನೀರು ಕುದಿಯುವ ತನಕ
ಯಾರೂ ಏನೂ ಹೇಳಬೇಕಾಗಿಲ್ಲ.
ಆಮೇಲೆ ಅಂದೆ, “ಪುಸ್ತಕ ಮುಚ್ಚು.
ಜೀವಕೋಶದ ಪೊರೆ ಏನು ಮಾಡುತ್ತದೆ, ಹೇಳು.
ನಿಜವಾಗಿಯೂ ನನಗೆ ಗೊತ್ತಿಲ್ಲ, ನಾನು ಓದಿದ್ದು ಚರಿತ್ರೆ.”
ಬಾಯಿ ತೆರೆದಳು. ಮುಚ್ಚಿದಳು.
ಕೈ ತಾನಾಗಿ ನೋಟ್‌ಬುಕ್ಕಿನ ಕಡೆ ಸರಿಯಿತು
ಕತ್ತಲಲ್ಲಿ ಸ್ವಿಚ್ಚು ತಡಕುವ ಹಾಗೆ.

“ಬಿಡು. ಯಾವೂರು?”
“ಆರ್ಬ್ರೋತ್. ಮನೆಯವರು ಮೀನಿಗೆ ಹೊಗೆ ಹಾಕುತ್ತಾರೆ.”
“ಹೇಗೆ?”
ಆಗ ನೋಡಬೇಕಿತ್ತು ಅವಳನ್ನು.
ತಲೆ ತೆಗೆದ ಹ್ಯಾಡಕ್, ಉಪ್ಪಿನಲ್ಲಿ ಇಂತಿಷ್ಟು ಹೊತ್ತು,
ಬಾಲಕ್ಕೆ ಬಾಲ ಸೇರಿಸಿ ಸೆಣಬಿನ ದಾರದ ಗಂಟು,
ಜೋಡಿ ಜೋಡಿಯಾಗಿ ಕೋಲಿನ ಮೇಲೆ ಜೋತು,
ಕೆಳಗೆ ಪೀಪಾಯಿ, ಬೀಚ್ ಮರದ ಕೆಂಡ,
ಮೇಲೆ ಒದ್ದೆ ಗೋಣಿ, ಗಾಳಿಯಿದ್ದರೆ ಇನ್ನೊಂದು ಗೋಣಿ,
“ಗೋಣಿ ಒಣಗಿತೋ, ಬೆಂಕಿ ಎದ್ದಿತು.
ಹೊಗೆ ಬೇಕು ನಮಗೆ, ಉರಿಯಲ್ಲ”,
ಎರಡೂ ಕೈ ಗಾಳಿಯಲ್ಲಿ ಗಂಟು ಹಾಕುತ್ತಿದ್ದವು.
ನನಗೆ ಹಸಿವಾಯಿತು.

“ಇದನ್ನು ಯಾವ ಬಣ್ಣದಲ್ಲಿ ಬರೆದುಕೊಂಡಿದ್ದೆ?”

ಸುಮ್ಮನಾದಳು. ಸ್ವಲ್ಪ ನಕ್ಕಳು.
“ಅಜ್ಜಿ ತೋರಿಸಿದಳು, ನಾನು ಕೆಡಿಸಿದೆ.
ಹನ್ನೊಂದು ತುಂಬಿದಾಗ ಒಂದು ಪೀಪಾಯಿ ಪೂರಾ ಸುಟ್ಟೆ.
ಬೈದಳು. ಬೈದು, ಮತ್ತೆ ಮಾಡು ಅಂದಳು.”

ಅಷ್ಟೇ ಕಣೆ, ಎನ್ನಲಿಲ್ಲ ನಾನು.
ಅಂದಿದ್ದರೆ ಅದಕ್ಕೂ ಹಳದಿ ಬಳಿಯುತ್ತಿದ್ದಳು.
ಒಂದು ಖಾಲಿ ಹಾಳೆ ಕೊಟ್ಟೆ:
ಪಾಠವಾದ ಸಂಜೆ, ಏನನ್ನೂ ನೋಡದೆ,
ನೆನಪಾದಷ್ಟು ಬರಿ.
ಆಮೇಲೆ ತೆರೆದು ನೋಡು, ಎಲ್ಲಿ ಸೀದಿದೆ ಅಂತ.
ಮೂರು ದಿನ ಬಿಟ್ಟು ಮತ್ತೆ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರಿ,
ದಪ್ಪ ಅಕ್ಷರದಲ್ಲಿ.

ಎಲ್ಲರಿಗೂ ಇದು ದಕ್ಕುವುದಿಲ್ಲ.
ಹೋದ ವರ್ಷ ಫರ್ಗಸ್ ಅಂತ ಒಬ್ಬ,
ಮೂರು ಮಂಗಳವಾರ ಬಂದ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ.
ವೇಳಾಪಟ್ಟಿ ಮಾಡಿಕೊಟ್ಟೆ, ಚೆಂದವಾಗಿ ಗೆರೆ ಹೊಡೆದು.
ನಾಲ್ಕನೇ ಮಂಗಳವಾರ ಕುರ್ಚಿ ಮಾತ್ರ ಬಂತು.
ಹಾಸ್ಟೆಲಿನಲ್ಲಿ ಒಬ್ಬನೇ ಉಣ್ಣುತ್ತೇನೆ
ಎಂದಿದ್ದ ಒಮ್ಮೆ, ಸಕ್ಕರೆ ಕಲಕುತ್ತ.
ಕೇಳಿತ್ತು ನನಗೆ. ಕೇಳಿಸಿಕೊಂಡಿರಲಿಲ್ಲ.

ನನ್ನಜ್ಜಿ ಇದೇ ಊರ ಸೆಣಬಿನ ಗಿರಣಿಯಲ್ಲಿ
ಮಗ್ಗದ ಸದ್ದಿಗೆ ಕಿವಿ ಕಳಕೊಂಡವಳು.
ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು,
ಆಡದ ಮಾತನ್ನೂ.
ಅವಳನ್ನು ಕೂರಿಸಬೇಕಿತ್ತು ಆ ದಿನ, ನನ್ನ ಕುರ್ಚಿಯಲ್ಲಿ.

ಡಿಸೆಂಬರಿನಲ್ಲಿ ಮತ್ತೆ ಮಿರೆನ್. ಒಳಗೆ ಬರಲಿಲ್ಲ.
ಹೊಸ್ತಿಲಲ್ಲೇ ನಿಂತು, ಇನ್ನೊಬ್ಬಳ ಬೆನ್ನಿಗೆ ಕೈಯಿಟ್ಟು
ಮೆಲ್ಲಗೆ ತಳ್ಳಿದಳು:
“ಇವಳು ಎಫಿ. ಇವಳೂ ಎಲ್ಲ ಬರೆದುಕೊಳ್ಳುತ್ತಾಳೆ.”
ಎಷ್ಟು ಬಂತು ಎಂದು ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.
ಕೋಟಿನಿಂದ ಹೊಗೆಯ ವಾಸನೆ ಬರುತ್ತಿತ್ತು.

ಕೆಟಲಿಗೆ ನೀರು ತುಂಬಿದೆ, ಇಬ್ಬರಿಗಾಗುವಷ್ಟು,
ಹೊಸಬಳ ತುಟಿಯನ್ನೇ ನೋಡುತ್ತ.