ಆರ್.ಆರ್. ನಂಬರು

ದುರ್ಗಿಗುಡಿ ತಿರುವಿನ ಸುವರ್ಣ ಕಾಂಪ್ಲೆಕ್ಸಿಗೆ
ಪ್ರತಿ ತಿಂಗಳು ಏಳನೇ ತಾರೀಕು ನಾನು ಹೋಗಲೇಬೇಕು.
ಮೆಟ್ಟಿಲ ಕೆಳಗೆ ಮೂವತ್ತೆರಡು ಮೀಟರು, ಒಂದು ಹಲ್ಲಿ,
ಯಾರೋ ಸಿಕ್ಕಿಸಿ ಮರೆತ ಊದುಬತ್ತಿ ಕಡ್ಡಿ.

ಹದಿನಾಲ್ಕನೇ ಅಂಗಡಿಯಲ್ಲಿ ಮೊದಲಿದ್ದದ್ದು ಹೊಲಿಗೆ ಮಿಷನ್ನು:
ಜಬೀನಾ ಬಾನು, ಲೇಡೀಸ್ ಟೈಲರ್.
ಆಮೇಲೆ ಕ್ಯಾಸೆಟ್ಟು. ಅದಾದ ಮೇಲೆ ಎಸ್‌ಟಿಡಿ ಬೂತು.
ಗಾಜಿನ ಡಬ್ಬಿಯೊಳಗೆ ನಿಂತು ಜನ ಕೂಗಿ ಕೂಗಿ ಅಳುತ್ತಿದ್ದರು,
ಅವರ ತಲೆಯ ಮೇಲೆ ಕೆಂಪು ಅಂಕಿ ಓಡುತ್ತಿತ್ತು,
ಕೆಳಗೆ ನನ್ನ ಮೀಟರು ತೂಕಡಿಸುತ್ತಿತ್ತು.

ಐಸ್‌ಕ್ರೀಮಿನವನು ಬಂದ ವರ್ಷ
ಚಕ್ರ ಗಿರಗಿರನೆ ತಿರುಗಿ
ಅದರ ಮೇಲಿನ ಗೆರೆ ಕಣ್ಣಿಗೇ ಸಿಗುತ್ತಿರಲಿಲ್ಲ.
ಎರಡು ಬೇಸಿಗೆ, ಅಷ್ಟೆ.
ಫ್ರಿಜ್ಜು ಲಗೇಜ್ ಆಟೋಕ್ಕೆ ಏರಿಸುವಾಗ ನಾನೂ ಒಂದು ಕೈ ಕೊಟ್ಟೆ.

ಊರಾಚೆ ಎಸಿ ಮಾಲು ಎದ್ದಿತು.
ಇಲ್ಲಿ ಒಂದೊಂದೇ ಷಟರು ಇಳಿಯಿತು,
ಪಂಕ್ತಿಯಲ್ಲಿ ಊಟ ಮುಗಿದವರು
ಪಕ್ಕದವರನ್ನು ನೋಡಿ ಎಲೆ ಮಡಚುವ ಹಾಗೆ.

ಬಿಲ್ಲು ಮಾತ್ರ ಇವತ್ತಿಗೂ ಜಬೀನಾ ಹೆಸರಿಗೇ.
ಬದಲಿಸಲು ಅರ್ಜಿ, ಡಿಪಾಜಿಟ್ಟು, ಆಫೀಸಿಗೆ ಓಡಾಟ;
ಬಂದವರಿಗೆಲ್ಲ ಹೋಗುವ ಅವಸರ.

ಮೊನ್ನೆ ಆ ಮಾಲಿನ ಎಸ್ಕಲೇಟರಿನ ಬುಡದಲ್ಲಿ ಸಿಕ್ಕಿದರು,
ಮೊಮ್ಮಗಳ ಕೈ ಹಿಡಿದು
ಕಾಲಿಡಲೋ ಬೇಡವೋ ಎಂದು ನಿಂತಿದ್ದರು.
ವಿಷಯ ಹೇಳಿದೆ.
"ಬಾಕಿ ಏನಾದ್ರೂ ಐತೇನಪ್ಪಾ?"
"ಇಲ್ಲಮ್ಮಾ. ಬರೀ ಮಿನಿಮಮ್ಮು. ಯಾರೋ ಕಟ್ತಾರೆ."
"ಹಂಗಾದ್ರೆ ಅಂಗಡಿ ಇನ್ನೂ ನಡೀತಿದೆ ಅನ್ನು,"
ಎಂದು ನಕ್ಕು, ಹುಡುಗಿಯನ್ನು ಎಳೆದುಕೊಂಡು
ಮೆಟ್ಟಿಲು ಎಲ್ಲಿದೆ ಅಂತ ಹುಡುಕುತ್ತಾ ಹೋದರು.