ಪಂಕ್ತಿಗೆ ನಾಲ್ವರು

ಥ್ರಾಕ್ಸ್‌ಟನ್ ಇನ್, ಲಂಡನ್; ಹರಾಜಿನ ಹಿಂದಿನ ವಾರ, 1884

ತಲೆ ತಗ್ಗಿಸಿ ಬನ್ನಿ ಸ್ವಾಮಿ, ಬಾಗಿಲು ಗಿಡ್ಡ.
ನ್ಯಾಯಾಧೀಶರೂ ಇಲ್ಲಿ ಬಗ್ಗಿಯೇ ಬಂದದ್ದು.
ಬಗ್ಗದವರ ಗುರುತು ಮೇಲಿನ ತೊಲೆಯಲ್ಲಿದೆ,
ಸವರಿ ನೋಡಿ, ಐನೂರು ವರ್ಷದ ಹಣೆ ಬಡಿದು ನುಣುಪು.

ನಾನು ಜೇಬೆಜ್ ಕ್ರಿಕ್. ಕೊಂಬು ಊದುವವನು.
ಊಟದ ಹೊತ್ತಿಗೆ ಅಂಗಳದ ನಾಲ್ಕು ಮೂಲೆಯಲ್ಲಿ ನಿಂತು
ಊದಿ ಕರೆಯುವುದು ಕೆಲಸ. ನನ್ನಪ್ಪನದೂ ಅದೇ.
ಓದು ಬರಹ ಬಾರದು. ನೀವು ಅಳತೆ ಬರೆದುಕೊಳ್ಳಿ,
ನಾನು ಬಾಯಲ್ಲಿ ಹೇಳುತ್ತೇನೆ.

ಇದು ಹಜಾರ. ಉದ್ದ ಹದಿನೆಂಟು ಹೆಜ್ಜೆ,
ನಿಮ್ಮ ಟೇಪು ಏನೇ ಹೇಳಲಿ, ನನ್ನ ಕಾಲಿಗೆ ಅಷ್ಟು.
ಸೂರು ಓಕ್ ಮರದ್ದು; ಒಂದು ಮೊಳೆಯಿಲ್ಲ, ಬರೀ ಗೂಟ.
ಬಡಗಿ ತೊಲೆಗೆ ಗೀಚಿದ ಅಂಕಿ ಕಂಡವೆ?
ಐದಾದ ಮೇಲೆ ಏಳು. ಆರನೆಯದನ್ನು ಏರಿಸುವಾಗ
ಊರಿಗೆ ಪಿಡುಗು ಬಂತು ಎನ್ನುತ್ತಿದ್ದ ಅಪ್ಪ;
ನನಗೇನೋ ಬಡಗಿ ಕುಡಿದಿದ್ದನೆಂದೇ ಅನುಮಾನ.

ಇಲ್ಲಿ ನಡುವೆ ಒಲೆ ಇತ್ತು, ಚಿಮಣಿ ಇರಲಿಲ್ಲ.
ಹೊಗೆ ತನ್ನ ದಾರಿ ತಾನೇ ವಾದಿಸಿಕೊಂಡು
ಮಾಡಿನ ಕಿಂಡಿಯಲ್ಲಿ ಹೋಗುತ್ತಿತ್ತು.
ಆ ಮಸಿ ಇನ್ನೂ ಇದೆ. ಅದಕ್ಕೆಷ್ಟು ಕಟ್ಟುತ್ತೀರಿ?

ಕಾನೂನು ಓದಿ ವಕೀಲರಾಗುತ್ತಾರೆಂದು
ನೀವೂ ನಂಬಿದಿರಾ? ಹಿಂದೆಲ್ಲ ಉಂಡೇ ಆಗುತ್ತಿದ್ದರು.
ವರ್ಷಕ್ಕಿಷ್ಟು ಊಟವೆಂದು ಏಳು ವರ್ಷ;
ಕುರಿಮಾಂಸ, ಬಟಾಣಿ, ಹುಳಿ ಬಿಯರು.
ಪಂಕ್ತಿಗೆ ನಾಲ್ವರು. ಮೂವರಿದ್ದರೆ ಬಡಿಸುವಂತಿಲ್ಲ.
ನಾಲ್ಕನೆಯವನು ಕಂಬದ ಬುಡದಲ್ಲಿ ನಿಂತು
ಕಕ್ಷಿಗಾರನ ಶಿಲಿಂಗು ಎಣಿಸುತ್ತಿದ್ದರೆ
ಮಿಕ್ಕವರು ಆರುವ ಮಾಂಸದ ವಾಸನೆ ಕುಡಿಯುತ್ತ ಕಾಯಬೇಕು.

ವಾದ ಕಲಿತದ್ದು ಆ ಹೊತ್ತಲ್ಲೇ. ಹಸಿದವನ ನಾಲಿಗೆ ಚೂಪು.
ಹಸು ಬೇಲಿ ಮುರಿದರೆ ತಪ್ಪು ಹಸುವಿನದೋ ಬೇಲಿಯದೋ?
ಅಡುಗೆಯ ಥಾಮಸೀನ್ ಮರೆಯಲ್ಲಿ ನಿಂತು
ಉತ್ತರ ಪಿಸುಗುಟ್ಟುತ್ತಿದ್ದಳು ನನಗೆ. ಬಹಳ ಸಲ ಸರಿ.
ಕರಿ ಗೌನು ಅವಳಿಗೆ ಯಾರು ಕೊಟ್ಟಾರು,
ಹೊಗೆಗೆ ಕಣ್ಣು ಹೋಯಿತು.

ಹಲಗೆ ಎತ್ತಿದಾಗ ಸಿಕ್ಕಿದ್ದು ಇವು, ನೋಡಿ:
ಮೂಳೆಯ ದಾಳ, ಒಂದು ಹಿಡಿ, ಸಂದಿಗೆ ಜಾರಿದವು.
ಎರಡರಲ್ಲಿ ಒಂದು ಎಂಬುದೇ ಇಲ್ಲ, ಆರು ಎರಡು ಸಲ.
ನ್ಯಾಯ ಕಲಿಯಲು ಬಂದ ಹುಡುಗರು.

ಬಾಗಿಲ ಸುಟ್ಟ ಕಲೆಯೆ?
ರೈತರು ದಂಗೆಯೆದ್ದು ಬಂದ ವರ್ಷದ್ದಂತೆ.
ಬರೆದಿಟ್ಟ ತೊಗಲಿನ ಸುರುಳಿಗಳನ್ನು ಬೀದಿಗೆ ಸುರಿದು
ಬೆಂಕಿ ಹಚ್ಚಿದರು: ಯಾರು ಯಾರ ಆಳೆಂಬ ಲೆಕ್ಕ.
ಓದು ಬಾರದವರಿಗೂ ಗೊತ್ತಿತ್ತು
ಯಾವುದನ್ನು ಸುಡಬೇಕೆಂದು.
ಇದನ್ನು ಹೇಳುವಾಗ ಅಪ್ಪ ದನಿ ತಗ್ಗಿಸುತ್ತಿದ್ದ.

ಈಗ ಉಳಿದವರು ಹನ್ನೊಂದು ಹಿರಿಯರು.
ಕಳೆದ ತಿಂಗಳು ಅದೋ ಆ ಮೇಜಿಗೆ ಕೂತು
ಮಾರೋಣವೆಂದರು. ಹಂಚಿಕೊಳ್ಳೋಣವೆಂದರು.
ಸಂಘವೆಂದರೆ ತಾವೇ ಆದ್ದರಿಂದ ಕದ್ದಂತಲ್ಲ.
ಕಾನೂನಿನಲ್ಲಿ ತಪ್ಪಿಲ್ಲವಂತೆ, ವಿಚಾರಿಸಿದೆ.
ವಿಚಾರಿಸಿದ್ದೂ ಅವರನ್ನೇ.

ಉಂಡ ಮನೆಯ ಜಂತೆ ಎಣಿಸಬಾರದು.
ಅವರು ಎಣಿಸಿದರು. ಈಗ ನೀವೂ
ಕತ್ತೆತ್ತಿ ತುಟಿಯಲ್ಲೇ ಎಣಿಸುತ್ತಿದ್ದೀರಿ;
ಮೂವತ್ತೆರಡು, ಕೇಳಬಹುದಿತ್ತು.

ತಾಳಿ, ಹನ್ನೆರಡಾಯಿತು.
ಕೊಂಬು ನಿಮ್ಮ ಪಟ್ಟಿಯಲ್ಲಿದೆಯೋ ಇಲ್ಲವೋ,
ಈ ಹೊತ್ತಿಗೆ ಎದೆ ತಾನಾಗಿ ಉಬ್ಬುತ್ತದೆ.

ಕೇಳಿತಲ್ಲ, ನೋಡಿ ಯಾರು ಬಂದರು!
ಪಕ್ಕದ ಗೋಡೆ ಕೆಡವುವ ಗಾರೆಯವರು,
ಕೈಯಲ್ಲಿ ಬುತ್ತಿಗಂಟು, ರೆಪ್ಪೆಯ ಮೇಲೆಲ್ಲ ಸುಣ್ಣ,
ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತಿದ್ದಾರೆ.
ಬನ್ನಿರಪ್ಪ, ತಲೆ ಜೋಪಾನ.
ಬ್ರೆಡ್ಡಿದೆ, ಈರುಳ್ಳಿಯಿದೆ, ಒಂದು ಹೂಜಿ ಬಿಯರು.

ಮೂವರು.
ನಾನು ಬಡಿಸುವವನು, ಲೆಕ್ಕಕ್ಕಿಲ್ಲ.
ಆ ಟೇಪು ಕೆಳಗಿಡಿ, ಸ್ವಾಮಿ.